ಸೊಪ್ಪು ಸೋಸೋ ಸೀನ್ ಎಲ್ಲಿದೆ?

ಹೋದ ಎಪಿಸೋಡ್ ಕೇಳಿದವರಿಗೆ ನೆನಪಿರಬಹುದು. ಕೊರಿಯಾದ ‘ಲಿಟಲ್ ಫಾರೆಸ್ಟ್’ ಸಿನಿಮಾ ಬಗ್ಗೆ ಮಾತಾಡ್ತಾ ಮಾತಾಡ್ತಾ ನಮಗೇ ಹಸಿವಾಗಿ, "ನೋಡಿ, ಖಂಡಿತ ನೋಡಿ" ಅಂತ ಹೇಳಿ ಮೈಕ್ ಆಫ್ ಮಾಡಿದ್ವಿ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಬಹಳಷ್ಟು ಜನ ಕೇಳಿದ್ದು ಒಂದೇ. ಕೊರಿಯನ್ ಮನೆಯಡುಗೆಯ ಆ ವಸಂತದ ಸೊಪ್ಪುಗಳು ನಾವಿರೋ ಊರಲ್ಲಿ ತಾವಾಗೇ ಬೆಳೆದಿರ್ತಾವಾ, ಹೇಗೆ ಗುರುತಿಸೋದು, ರೆಸಿಪಿ ಇದ್ರೆ ಹಾಕಿ. ರೆಸಿಪಿ ಹಾಕೋದು ಸುಲಭ. ಆದರೆ ಆ ಪ್ರಶ್ನೆಗಳನ್ನ ಓದ್ತಾ ಓದ್ತಾ ನನಗೆ ಸಿನಿಮಾದ ಮೇಲೇ ಒಂದು ತಕರಾರು ಹುಟ್ಟಿತು. ಅದನ್ನ ಇಲ್ಲಿ ನಿಧಾನವಾಗಿ ಹೇಳ್ತೀನಿ.

ನನ್ನ ತಕರಾರು ಒಂದು ಕನ್ನಡ ಕ್ರಿಯಾಪದದ ಸುತ್ತ ಇದೆ: ಸೋಸು. ಈಗಷ್ಟೇ ಕನ್ನಡ ಕಲೀತಿರೋರು ನಿಘಂಟು ತೆಗೆದರೆ ಟೀ ಸೋಸೋದು, ನೀರು ಸೋಸೋದು ಸಿಗುತ್ತೆ. ನಮ್ಮ ತುಮಕೂರು ಕಡೆ ಮನೆಗಳಲ್ಲಿ "ಸೊಪ್ಪು ಸೋಸೋದು" ಅಂದ್ರೆ ಬೇರೆ ಕೆಲಸ. ಕಟ್ಟು ಬಿಚ್ಚಿ, ನೆಲದ ಮೇಲೆ ಹಳೇ ಪೇಪರ್ ಹಾಸಿ ಹರಡಿ, ಒಂದೊಂದೇ ಕಡ್ಡಿ ಕೈಗೆ ತಗೊಂಡು ಬೇರು ಮುರೀಬೇಕು. ಬಲಿತ ದಂಟು, ಹುಳ ತಿಂದ ಎಲೆ, ನಡುವೆ ಸೇರಿಕೊಂಡ ಹುಲ್ಲು, ಸೇರಬಾರದ ಗಿಡ, ಎಲ್ಲ ಬೇರೆ ಮಾಡಿ ಎಳೇದನ್ನ ಮಾತ್ರ ಮೊರಕ್ಕೆ ಹಾಕಬೇಕು. ಕೆಲವು ಕಡೆ ಇದನ್ನೇ ಬಿಡಿಸೋದು ಅಂತಾರೆ. ಒಂದು ರಾಶಿ ಸೊಪ್ಪು ಬೆಂದ ಮೇಲೆ ಎರಡು ಹಿಡಿ ಆಗುತ್ತೆ ಅನ್ನೋದು ನಿಮಗೆ ಗೊತ್ತು. ಆ ಎರಡು ಹಿಡಿ ಹಿಂದೆ ಒಬ್ಬರ ಒಂದು ಗಂಟೆ ಕೂತಿರುತ್ತೆ.

ಈಗ ಸಿನಿಮಾಕ್ಕೆ ಬರೋಣ. 2018ರಲ್ಲಿ ಬಂದ ಇದರ ನಿರ್ದೇಶಕಿ ಯಿಮ್ ಸೂನ್-ರೆ. ಮೂಲ, ಜಪಾನಿನ ಡೈಸುಕೆ ಇಗರಾಶಿ ಬರೆದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಹ್ಯೆ-ವಾನ್ ಅನ್ನೋ ಹುಡುಗಿ (ಕಿಮ್ ತೇ-ರಿ ಮಾಡಿರೋ ಪಾತ್ರ) ಸಿಯೋಲ್‌ನಲ್ಲಿ ಟೀಚರ್ ಪರೀಕ್ಷೆ ಫೇಲಾಗಿ, ಯಾರಿಗೂ ಹೇಳದೆ ಚಳಿಗಾಲದಲ್ಲಿ ಹಳ್ಳಿ ಮನೆಗೆ ವಾಪಸ್ ಬರ್ತಾಳೆ. ಮನೆಯಲ್ಲಿ ಯಾರೂ ಇಲ್ಲ. ಮಗಳ ಪಿಯುಸಿ ಮಟ್ಟದ ಪರೀಕ್ಷೆ ಮುಗಿದ ಕೂಡಲೆ ಅಮ್ಮ ಒಂದು ಪತ್ರ ಬರೆದಿಟ್ಟು ಎಲ್ಲಿಗೋ ಹೊರಟುಹೋಗಿದ್ದಾಳೆ. ಹ್ಯೆ-ವಾನ್ ಹಿಮದಡಿಯಿಂದ ಎಲೆಕೋಸು ಅಗೆದು ಸಾರು ಮಾಡಿ ಕುಡೀತಾಳೆ. ಅಲ್ಲಿಂದ ಒಂದು ವರ್ಷ, ನಾಲ್ಕು ಋತು, ಅಡುಗೆ ಮೇಲೆ ಅಡುಗೆ. ಜೊತೆಗೆ ಇಬ್ಬರು ಬಾಲ್ಯದ ಗೆಳೆಯರು, ಒಂದು ನಾಯಿ, ಗದ್ದೆ ಕೆಲಸ, ಒಂದು ಚಂಡಮಾರುತ.

ನಾನು ಇದನ್ನ ಎರಡನೇ ಸಲ ನೋಡಿದ್ದು ಸೆಪ್ಟೆಂಬರ್‌ನಲ್ಲಿ, ನೆಲ್ಸನ್‌ನಲ್ಲಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿಯ ಊರು ಇದು, ಸೆಪ್ಟೆಂಬರ್ ಅಂದರೆ ಇಲ್ಲಿ ವಸಂತ. ಸಿನಿಮಾದಲ್ಲಿ ಹಿಮ ಕರಗೋ ಹೊತ್ತಿಗೆ ನನ್ನ ಕಿಟಕಿ ಹೊರಗೂ ಗಿಡ ಚಿಗುರ್ತಿದ್ದವು. ಹಾಗಾಗಿ ವಸಂತದ ಭಾಗವನ್ನ ಸ್ವಲ್ಪ ಹೆಚ್ಚೇ ಆಸೆಯಿಂದ ಕಾಯ್ತಾ ಇದ್ದೆ. ಬಂದದ್ದೇನು? ಪಾಸ್ತಾದ ಮೇಲೆ ಬಣ್ಣಬಣ್ಣದ ಹೂ. ಅಕೇಶಿಯಾ ಹೂವಿನ ಬಜ್ಜಿ. ಕಣ್ಣಿಗೆ ಹಬ್ಬ, ಒಪ್ತೀನಿ. (ಮೆಸೇಜ್ ಮಾಡಿದವರಿಗೆ ಒಂದು ಮಾತು: ಕೊರಿಯನ್ನರು ಅಕೇಶಿಯಾ ಅಂತ ಕರೆಯೋ ಆ ಬಿಳಿ ಹೂವಿನ ಮರ ನಿಜಕ್ಕೂ ಅಮೆರಿಕ ಮೂಲದ ರಾಬಿನಿಯಾ. ಇಲ್ಲಿನ ಹಳದಿ ಹೂವಿನ ವಾಟಲ್ ಅಲ್ಲ. ರಾಬಿನಿಯಾದಲ್ಲೂ ಹೂ ಬಿಟ್ಟು ಬೇರೆ ಭಾಗ ವಿಷ.) ಆದರೆ ಕೊರಿಯಾದ ಹಳ್ಳಿಯ ವಸಂತ ಅಂದರೆ ಹೂವಿಗಿಂತ ಮೊದಲು ನೆಲಕ್ಕೆ ಅಂಟಿಕೊಂಡ ಸೊಪ್ಪು. ನೇಂಗಿ, ಸ್ಸುಕ್, ದಲ್ಲೆ, ಗೊಸಾರಿ. ಕುಡುಗೋಲಿನಂಥ ಸಣ್ಣ ಸಲಿಕೆ ಹಿಡಿದು, ಕುಕ್ಕರುಗಾಲಲ್ಲಿ ಕೂತು, ಬೆನ್ನು ಬಗ್ಗಿಸಿ ಕೀಳೋ ಸೊಪ್ಪು. ವರ್ಷಪೂರ್ತಿ ಅಡುಗೆ ಮಾಡೋ ಸಿನಿಮಾ ಇದನ್ನ ಇಷ್ಟು ಹಗುರಾಗಿ ದಾಟಿಬಿಡೋದು ನನಗೆ ವಿಚಿತ್ರ ಅನ್ನಿಸಿತು.

ಕೊರಿಯನ್ ಭಾಷೆಯಲ್ಲಿ ಇವಕ್ಕೆಲ್ಲ ಸೇರಿಸಿ ‘ನಮುಲ್’ ಅಂತಾರೆ. ಈ ಪದದ ಸೊಗಸು ನಮ್ಮ ಉತ್ತರ ಕರ್ನಾಟಕದವರಿಗೆ ಥಟ್ಟನೆ ಹೊಳೆಯುತ್ತೆ. ಹೊಲದಲ್ಲಿರೋ ಗಿಡವೂ ನಮುಲ್, ಬೇಯಿಸಿ ಎಳ್ಳೆಣ್ಣೆ, ಬೆಳ್ಳುಳ್ಳಿ ಹಾಕಿ ಕಲಸಿ ಬಟ್ಟಲಲ್ಲಿಟ್ಟದ್ದೂ ನಮುಲ್. ಧಾರವಾಡದ ಸಂತೆಯಲ್ಲಿ ‘ಪಲ್ಯೆ’ ಹೀಗೇ. ಕಟ್ಟು ಕಟ್ಟಿ ಮಾರೋ ಹಸಿ ಮೆಂತ್ಯವೂ ಪಲ್ಯೆ, ರೊಟ್ಟಿ ಜೊತೆ ತಟ್ಟೆಗೆ ಬಂದದ್ದೂ ಪಲ್ಯೆ. ಗಿಡದಿಂದ ತಟ್ಟೆಗೆ ಬರೋ ದಾರಿ ಎಷ್ಟು ಪರಿಚಿತ ಅಂದರೆ ಭಾಷೆಗೆ ಎರಡು ಹೆಸರು ಬೇಕು ಅಂತಲೇ ಅನ್ನಿಸಿಲ್ಲ. ಹಾಗಿದ್ದರೆ ನಡುವಿನ ಕೆಲಸ? ಅದು ಆ ಒಂದೇ ಹೆಸರೊಳಗೆ ಅಡಗಿ ಕೂತಿದೆ. ಹೆಸರಿಲ್ಲದ್ದರಿಂದ ಕ್ಯಾಮೆರಾಗೂ ಕಾಣಿಸಲ್ಲ.

ಇನ್ನೊಂದು ಪದ ಬೊರಿತ್‌ಗೋಗೆ. ‘ಬಾರ್ಲಿ ಬೆಟ್ಟದ ಕಣಿವೆ’ ಅಂತ ಅರ್ಥ ಬರುತ್ತೆ. ಶರದೃತುವಿನ ಭತ್ತ ಕಣಜದಲ್ಲಿ ಮುಗಿದಿರುತ್ತೆ, ಹೊಲದ ಬಾರ್ಲಿ ಇನ್ನೂ ಹಸಿರು. ಆ ಮಧ್ಯದ ವಾರಗಳನ್ನ ಬೆಟ್ಟ ದಾಟಿದ ಹಾಗೆ ದಾಟಬೇಕು. ಸರಿಸುಮಾರು 1960ರ ದಶಕದವರೆಗೂ ಕೊರಿಯಾದ ಹಳ್ಳಿಗಳಲ್ಲಿ ವಸಂತ ಅಂದರೆ ಇದೇ. ಗಂಜಿಯಲ್ಲಿ ಅಕ್ಕಿಗಿಂತ ಸೊಪ್ಪು ಜಾಸ್ತಿ, ಅದೂ ಸಾಲದಿದ್ದರೆ ಪೈನ್ ಮರದ ಒಳತೊಗಟೆ. ನಮ್ಮಲ್ಲಿ ತುಳುನಾಡಿನ ಆಟಿ ತಿಂಗಳು ನೆನಪಿಸಿಕೊಳ್ಳಿ. ಹೊರಗೆ ಮಳೆ, ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ದವಸ ಇಲ್ಲ. ತಗಟೆ ಸೊಪ್ಪು, ಕೆಸುವಿನೆಲೆ ಆಗ ಊಟಕ್ಕೆ ಬಂದದ್ದು ರುಚಿಗೆ ಮಾತ್ರ ಅಲ್ಲ. ಇವತ್ತು ಮಂಗಳೂರಿನ ಹೋಟೆಲ್‌ಗಳಲ್ಲಿ ‘ಆಟಿ ಸ್ಪೆಷಲ್’ ಬೋರ್ಡ್ ಇರುತ್ತೆ. ಇರಲಿ, ಪತ್ರೊಡೆ ನನಗೂ ಇಷ್ಟ.

ಹ್ಯೆ-ವಾನ್‌ಗೆ ಗೆಳತಿ ಯಾಕೆ ವಾಪಸ್ ಬಂದೆ ಅಂತ ಕೇಳಿದಾಗ, ಹಸಿವಾಗಿ ಬಂದೆ ಅನ್ನೋ ಅರ್ಥದ ಉತ್ತರ ಕೊಡ್ತಾಳೆ. ಇಡೀ ಸಿನಿಮಾ ನಿಂತಿರೋದು ಆ ಉತ್ತರದ ಮೇಲೆ. ಸಿಯೋಲ್‌ನಲ್ಲಿ ಅಂಗಡಿಯ ಡಬ್ಬಿ ಊಟ ತಿಂದು ತಿಂದು ಅವಳ ಜೀವ ಒಣಗಿದೆ. ಆ ಹಸಿವು ಸುಳ್ಳಲ್ಲ. ಮಾಸ್ಟರ್ಸ್ ಮಾಡೋಕೆ ಬಂದು ಮೈಕ್ರೋವೇವ್ ಊಟದಲ್ಲಿ ಎರಡು ಚಳಿಗಾಲ ಕಳೆದ ಯಾರಿಗಾದರೂ ಅದು ಗೊತ್ತಿರುತ್ತೆ. ಆದರೆ ಅವಳು ಬಂದು ಸೇರೋ ಹಳ್ಳಿಗೂ ಒಂದು ಹಸಿವಿನ ಚರಿತ್ರೆ ಇದೆ, ಅಲ್ಲಿನ ಅಡುಗೆಯ ಅರ್ಧ ಭಾಗ ಅದರಿಂದಲೇ ಹುಟ್ಟಿದೆ. ಸಿನಿಮಾ ಆ ಕಡೆ ತಿರುಗಿ ನೋಡಲ್ಲ. ಹಳ್ಳಿ ಅಂದರೆ ಸದಾ ತುಂಬಿದ ಕಣಜ ಅನ್ನೋ ಹಾಗೆ ನಡೆಯುತ್ತೆ. ವಸಂತದಲ್ಲಿ ಸೊಪ್ಪಿನ ಜಾಗಕ್ಕೆ ಹೂ ಬಂದದ್ದು ನನಗೆ ಆಕಸ್ಮಿಕ ಅನ್ನಿಸಲ್ಲ. ಹೂವಿಗೆ ಬಡತನದ ನೆನಪಿಲ್ಲ.

ಅನ್ಯಾಯ ಮಾಡಬಾರದು, ಈ ಸಿನಿಮಾಕ್ಕೆ ಕೆಲಸ ತೋರಿಸೋಕೆ ಬರಲ್ಲ ಅಂತಲ್ಲ. ಶರದೃತುವಿನಲ್ಲಿ ಚೆಸ್ಟ್‌ನಟ್ ಪಾಕ ಮಾಡೋ ಭಾಗ ನೋಡಿ. ಒಳಸಿಪ್ಪೆ ಹರಿಯದ ಹಾಗೆ ಹೊರಸಿಪ್ಪೆ ತೆಗೆಯೋದು, ನೆನೆಸೋದು, ಮತ್ತೆ ಮತ್ತೆ ಕುದಿಸೋದು, ಆಮೇಲೆ ತಿಂಗಳುಗಟ್ಟಲೆ ಕಾಯೋದು. ಕೆಲಸದ ಉದ್ದ ಅಲ್ಲಿ ನಿಮಗೆ ಗೊತ್ತಾಗುತ್ತೆ, ರುಚಿಯೂ ಆ ಉದ್ದದಿಂದಲೇ ಬರುತ್ತೆ. ಈರುಳ್ಳಿ ಸಸಿಯನ್ನ ಮೊದಲು ಒಂದು ಕಡೆ ಬೆಳೆಸಿ, ಆಮೇಲೆ ಕಿತ್ತು ಶಾಶ್ವತ ಜಾಗದಲ್ಲಿ ನೆಡೋ ಪದ್ಧತಿಯನ್ನ ಹ್ಯೆ-ವಾನ್‌ಳ ಬದುಕಿಗೇ ಹೋಲಿಸೋದು ಕೂಡ ಚೆನ್ನಾಗಿದೆ. ಪರದೇಶದಲ್ಲಿ ಬಾಡಿಗೆ ಮನೆ ಬದಲಾಯಿಸ್ತಾ ಇರೋರಿಗೆ ಆ ಹೋಲಿಕೆ ಎದೆಗೆ ನಾಟದೆ ಇರಲ್ಲ. ಅಂದರೆ ಸಾಮರ್ಥ್ಯ ಇದೆ. ಸೊಪ್ಪಿನ ವಿಷಯದಲ್ಲಿ ಮಾತ್ರ ತಾಳ್ಮೆ ಇಲ್ಲ.

ಇದೇ ಮಾಂಗಾ ಮೇಲೆ ಜಪಾನಿನಲ್ಲಿ ಜುನ್‌ಇಚಿ ಮೊರಿ ಮಾಡಿದ ಸಿನಿಮಾ ಎರಡು ಭಾಗದಲ್ಲಿ, 2014 ಮತ್ತು 2015ರಲ್ಲಿ ಬಂತು. ಕೊರಿಯನ್ ಆವೃತ್ತಿಗಿಂತ ನಿಧಾನ, ಗೆಳೆಯರ ಗಲಾಟೆ ಕಡಿಮೆ, ಕೆಲವು ಕಡೆ ಪಾಠ ಹೇಳಿಕೊಟ್ಟ ಹಾಗಿದೆ. ಆದರೂ ಸೊಪ್ಪಿನ ವಿಷಯದಲ್ಲಿ ನನ್ನ ವೋಟು ಇದಕ್ಕೆ. ಹಿಮ ಕರಗೋ ಜಾಗದಲ್ಲಿ ಮೊದಲು ತಲೆ ಎತ್ತೋ ಬಕ್ಕೆ ಅನ್ನೋ ಕಹಿ ಮೊಗ್ಗನ್ನ ಮಿಸೊ ಜೊತೆ ಹುರಿದು ಅನ್ನಕ್ಕೆ ಹಚ್ಚಿಕೊಂಡು ತಿನ್ನೋ ಭಾಗ ಇದರಲ್ಲಿದೆ. ಅದಕ್ಕಿಂತ ಮುಖ್ಯ, ಒಂದು ಸಣ್ಣ ಎಪಿಸೋಡ್ ಇದೆ. ನಾಯಕಿ ಇಚಿಕೊ ಅಮ್ಮ ಮಾಡ್ತಿದ್ದ ಸೊಪ್ಪಿನ ಪಲ್ಯವನ್ನ ಹಾಗೇ ಮಾಡ್ತಾಳೆ. ಸೊಪ್ಪು ಅದೇ, ಎಣ್ಣೆ ಅದೇ, ಆದರೆ ಬಾಯಿಗೆ ನಾರು ಸಿಗುತ್ತೆ. ಅಮ್ಮ ಸೋಮಾರಿ, ಏನೋ ಬೇಗ ಬೇಗ ಮಾಡಿ ಹಾಕ್ತಿದ್ದಳು ಅಂತಲೇ ಅವಳು ಅಂದುಕೊಂಡಿರ್ತಾಳೆ. ವರ್ಷಗಳ ಮೇಲೆ ಗೊತ್ತಾಗುತ್ತೆ, ಅಮ್ಮ ಪ್ರತಿ ದಂಟಿನ ನಾರನ್ನೂ ಎಳೆದು ತೆಗೆದಿರ್ತಿದ್ದಳು. ಮಗಳು ಆ ಕೆಲಸವನ್ನ ಒಮ್ಮೆಯೂ ನೋಡಿರಲಿಲ್ಲ.

ನಾನು ಕೇಳ್ತಾ ಇದ್ದ ಸೋಸೋ ಸೀನ್ ಇದೇ. ಇಲ್ಲೂ ಅಮ್ಮನ ಕೈ ಕಾಣಿಸದೇ ಇದ್ದದ್ದೇ ಕಥೆ. ಆದರೆ ಕಾಣಿಸಿರಲಿಲ್ಲ ಅನ್ನೋದನ್ನ ಸಿನಿಮಾ ಗಮನಿಸುತ್ತೆ.

ಈ ಕೆಲಸದಲ್ಲಿ ಅಷ್ಟೇನಿದೆ ಅಂತ ಕೇಳೋರಿಗೆ ನಮ್ಮ ಬೀದಿಯ ಕಥೆ ಹೇಳ್ತೀನಿ. ಎರಡು ಮನೆ ಆಚೆ ಎಪ್ಪತ್ತು ದಾಟಿದ ಒಬ್ಬ ಕೊರಿಯನ್ ಅಜ್ಜಿ ಇದ್ದಾರೆ. ನಾನು ಹಲ್ಮೊನಿ ಅಂತೀನಿ, ಅಜ್ಜಿ ಅಂತಲೇ ಅರ್ಥ. ಅವರು ನನ್ನನ್ನ ‘ಇಂದೋ ಚೊಂಗಾಕ್’ ಅಂತಾರೆ, ಇಂಡಿಯಾದ ಮದುವೆಯಾಗದ ಹುಡುಗ. ಅವರ ತರಕಾರಿ ಪಾತಿಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ನೇಂಗಿ ತಾನಾಗೇ ಬರುತ್ತೆ. ಯುರೋಪಿನವರು ಇಲ್ಲಿಗೆ ಬಂದಾಗ ಬೀಜದ ಜೊತೆ ಬಂದು ನ್ಯೂಜಿಲೆಂಡ್ ತುಂಬ ಹರಡಿರೋ ಶೆಫರ್ಡ್ಸ್ ಪರ್ಸ್ ಅನ್ನೋ ಕಳೆಯೇ ಕೊರಿಯಾದ ನೇಂಗಿ. ಎಲೆ ನೆಲಕ್ಕೆ ಚಪ್ಪಟೆಯಾಗಿ ಚಕ್ರದ ಹಾಗೆ ಹರಡಿರುತ್ತೆ, ಬೀಜದ ಕಾಯಿ ಪುಟ್ಟ ಹೃದಯದ ಆಕಾರ. ಆದರೆ ಕಾಯಿ ಕಾಣೋ ಹೊತ್ತಿಗೆ ತಿನ್ನೋ ಕಾಲ ಮುಗಿದಿರುತ್ತೆ. ಪರಿಮಳ ಇರೋದು ಬೇರಿನಲ್ಲಿ, ಅದಕ್ಕೇ ಬೇರು ಸಮೇತ ಕೀಳಬೇಕು, ಹೂ ಬರೋಕೆ ಮುಂಚೆ. ಅದನ್ನ ಸೋಯಾ ಹುದುಗಿನ ಸಾರಿಗೆ, ಅಂದರೆ ದ್ವೆನ್‌ಜಾಂಗ್ ಸಾರಿಗೆ ಹಾಕಿದರೆ ಮನೆಯೆಲ್ಲ ಮಣ್ಣು ಮತ್ತು ಹಸಿ ಬಟಾಣಿ ಸೇರಿದಂಥ ಒಂದು ವಾಸನೆ.

ಕೀಳೋಕೆ ಇಪ್ಪತ್ತು ನಿಮಿಷ ಸಾಕು. ಸೋಸೋಕೆ ಹಿತ್ತಲ ಮೆಟ್ಟಿಲ ಮೇಲೆ ಎರಡು ಗಂಟೆ. ಎಲೆಯೂ ಬೇರೂ ಕೂಡೋ ಗಂಟಿನಲ್ಲಿ ಮಣ್ಣು ಸಿಕ್ಕಿಕೊಂಡಿರುತ್ತೆ, ಪ್ರತಿ ಬೇರನ್ನೂ ಚಾಕುವಿನ ಬೆನ್ನಲ್ಲಿ ಕೆರೀಬೇಕು. ಹಲ್ಮೊನಿ ಮಾತಾಡ್ತಾ ಮಾತಾಡ್ತಾನೇ ನನ್ನ ರಾಶಿಯಿಂದ ಕ್ಯಾರೆಟ್ ಎಲೆಯಂಥ ಒಂದು ಎಳೆ ಚಿಗುರು ಎತ್ತಿ, ಮೂಸಿ, ದೂರ ಎಸೆದು, ಕೈ ತೊಳೆದು ಬಂದು ಕೂತರು. ಅದು ಹೆಮ್‌ಲಾಕ್. ಸಾಕ್ರಟೀಸ್‌ಗೆ ಕುಡಿಸಿದ ವಿಷ, ಇಲ್ಲಿ ಹೊಳೆ ದಂಡೆ, ರಸ್ತೆ ಪಕ್ಕ ಎಲ್ಲ ಕಡೆ ಬೆಳೆಯುತ್ತೆ. ದೊಡ್ಡದಾದರೆ ಕಾಂಡದ ಮೇಲೆ ನೇರಳೆ ಮಚ್ಚೆ ಇರುತ್ತೆ, ಎಳೇದರಲ್ಲಿ ಅದೂ ಸರಿಯಾಗಿ ಕಾಣಲ್ಲ. ಗುರುತು ಅಂದರೆ ಇಲಿಯಂಥ ವಾಸನೆ.

ನನ್ನ ಕಸುಬು ಡೇಟಾ ಸೈನ್ಸ್, ಹಾಗಾಗಿ ಇಲ್ಲಿ ಒಂದು ಮಾತು ಹೇಳದೆ ಇರೋಕಾಗಲ್ಲ. ನಮ್ಮಲ್ಲಿ ಹಳೇ ಜೋಕ್ ಒಂದಿದೆ: ಕೆಲಸದ ಬಹುಪಾಲು ಡೇಟಾ ಕ್ಲೀನ್ ಮಾಡೋದು, ಉಳಿದದ್ದು ಡೇಟಾ ಕ್ಲೀನಾಗಿಲ್ಲ ಅಂತ ಗೊಣಗೋದು. ಗಿಡ ಗುರುತಿಸೋ ಆ್ಯಪ್‌ಗಳನ್ನ ನಾನು ಪ್ರೀತಿಯಿಂದಲೇ ಬಳಸ್ತೀನಿ. ಐನ್ಯಾಚುರಲಿಸ್ಟ್ ಇಲ್ಲಿ ತುಂಬ ಜನಪ್ರಿಯ. ಆದರೆ ಫೋಟೋಗೆ ವಾಸನೆ ಇಲ್ಲ, ಕಾಂಡ ಮುರಿದ ಸದ್ದಿಲ್ಲ. ಜನ ಫೋಟೋ ತೆಗೆಯೋದು ಹೂ ಬಿಟ್ಟಾಗ, ಸೊಪ್ಪು ಕೀಳೋದು ಹೂ ಬರೋಕೆ ಮುಂಚೆ. ನೂರಕ್ಕೆ ತೊಂಬತ್ತು ಖಚಿತ ಅನ್ನೋ ಉತ್ತರ ಒಂದು ಮಾಡೆಲ್‌ಗೆ ಒಳ್ಳೆ ಅಂಕವೇ. ಅಡುಗೆಮನೆಯಲ್ಲಿ ಅದರ ಅರ್ಥ ಹತ್ತು ಊಟಕ್ಕೆ ಒಂದು. ಇಲ್ಲಿನ ಕಾಡಂಚಿನ ಟುಟು ಗಿಡದ ಎಳೆ ಕುಡಿ ಶತಾವರಿಯ ಚಿಗುರಿನ ಹಾಗೆ ರಸವತ್ತಾಗಿ ಕಾಣುತ್ತೆ. ದನ ಕುರಿಗಳನ್ನ ಕೊಂದ ಗಿಡ ಅದು, ಮನುಷ್ಯರನ್ನೂ ಬಿಟ್ಟಿಲ್ಲ. ಆ್ಯಪ್ ಮೇಲೆ ಭಾರ ಹಾಕಿ ಬಾಣಲೆ ಇಡಬೇಡಿ.

ಮಾವೊರಿ ಜನರಿಗೂ ಇದೆಲ್ಲ ಹೊಸದಲ್ಲ. ಪೂಹಾ ಅನ್ನೋ ಹಾಲು ಬರೋ ಸೊಪ್ಪನ್ನ ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ಉಜ್ಜಿ ಕಹಿ ಬಿಡಿಸಿ, ಆಮೇಲೆ ಹಂದಿ ಮೂಳೆ ಜೊತೆ ಬೇಯಿಸ್ತಾರೆ. ಜಲಸಾಸಿವೆ, ಅಂದರೆ ವಾಟರ್‌ಕ್ರೆಸ್, ದನ ಮೇಯೋ ಕಡೆಯ ಹೊಳೆಯದ್ದಾದರೆ ಹಸಿ ತಿನ್ನಬಾರದು, ಯಕೃತ್ತಿಗೆ ಸೇರೋ ಹುಳ ಇರುತ್ತೆ. ಕೊರಿಯಾದ ಗೊಸಾರಿ ಒಂದು ಜರಿಗಿಡ. ಅದನ್ನ ಬೇಯಿಸಿ, ನೆನೆಸಿ, ನೀರು ಬದಲಿಸಿ, ಒಣಗಿಸಿ, ಮತ್ತೆ ನೆನೆಸಿ ತಿನ್ನೋದು ಸುಮ್ಮನೆ ಬಂದ ಸಂಪ್ರದಾಯ ಅಲ್ಲ. ಹಸಿಯಾಗಿ ಅದು ಕ್ಯಾನ್ಸರ್‌ಗೆ ಕಾರಣವಾಗೋ ವಸ್ತು ಇರೋ ಗಿಡ. ಕೊಡಗಿನವರು ತಿನ್ನೋ ತೆರ್ಮೆ ತೊಪ್ಪು ಕೂಡ ಜರಿಗಿಡವೇ, ಆದರೆ ಜಾತಿ ಬೇರೆ. ಎರಡೂ ಸುರುಳಿ ಸುತ್ತಿಕೊಂಡ ಚಿಗುರು, ಫೋಟೋದಲ್ಲಿ ಅಕ್ಕತಂಗಿಯರು.

ಇಷ್ಟು ಹೇಳಿ ‘ಮಿನಾರಿ’ ಸಿನಿಮಾ ಬಿಟ್ಟರೆ ಆಗಲ್ಲ, ಯಾಕಂದ್ರೆ ನಿಮ್ಮಲ್ಲಿ ಹಲವರು ಬರೆದದ್ದು ಅದನ್ನ ನೆನೆದು. 2020ರ ಸಿನಿಮಾ, ನಿರ್ದೇಶಕ ಲೀ ಐಸಾಕ್ ಚಂಗ್. ಅಮೆರಿಕದ ಅರ್ಕನ್ಸಾ ರಾಜ್ಯಕ್ಕೆ 1980ರ ದಶಕದಲ್ಲಿ ಬಂದ ಕೊರಿಯನ್ ಕುಟುಂಬದ ಕಥೆ. ಅಜ್ಜಿ ಊರಿಂದ ಮೆಣಸಿನಪುಡಿ, ಒಣ ಮೀನು ತರ್ತಾಳೆ; ಮಿನಾರಿ ಬೀಜ ತಂದು ತೊರೆಯ ದಂಡೆಯಲ್ಲಿ ಚೆಲ್ತಾಳೆ. (ಅದೇ ಚೀಲ ಹಿಡಿದು ಆಕ್ಲೆಂಡ್‌ನಲ್ಲಿ ಇಳಿದು, ಫಾರ್ಮ್‌ನಲ್ಲಿ ಬರೆಯದೇ ಇದ್ದಿದ್ದರೆ 400 ಡಾಲರ್ ದಂಡ, ಬೀಜ ಕಸದಬುಟ್ಟಿಗೆ. ನಿಮ್ಮಮ್ಮ ಸೀರೆ ಮಡಿಕೆಯಲ್ಲಿಟ್ಟು ಕಳಿಸೋ ದಂಟಿನ ಬೀಜಕ್ಕೂ ಇದೇ ಗತಿ.) ಅಜ್ಜಿ ಪಾತ್ರ ಮಾಡಿದ ಯೂನ್ ಯೊ-ಜಂಗ್‌ಗೆ 2021ರಲ್ಲಿ ಆಸ್ಕರ್ ಬಂತು, ಯೋಗ್ಯವಾಗೇ ಬಂತು. ರೊಟ್ಟಿ ಬೇಯಿಸೋ ಅಜ್ಜಿ ಅಲ್ಲ ಇವಳು, ಇಸ್ಪೀಟು ಆಡ್ತಾ ಬೈಯೋ ಅಜ್ಜಿ.

ಅಪ್ಪ ಬೆವರು, ಸಾಲ, ನೀರು ಎಲ್ಲ ಸುರಿದು ಬೆಳೆದ ತರಕಾರಿ ಕೊನೆಗೆ ಕೊಟ್ಟಿಗೆ ಸಮೇತ ಸುಟ್ಟುಹೋಗುತ್ತೆ. ಯಾರೂ ನೋಡಿಕೊಳ್ಳದ ಮಿನಾರಿ ಮಾತ್ರ ಹುಲುಸಾಗಿ ನಿಂತಿರುತ್ತೆ. ಕೊನೇ ದೃಶ್ಯದಲ್ಲಿ ಅಪ್ಪ ಮಗ ಅದನ್ನ ಕೀಳ್ತಾರೆ, ಅಲ್ಲಿಗೆ ಮುಗಿಯಿತು. ವಲಸೆ ಬಂದವರ ರೂಪಕವಾಗಿ ಇದು ಎಷ್ಟು ಚೆಂದ ಅಂದರೆ ವಿಮರ್ಶಕರೆಲ್ಲ ಅದನ್ನೇ ಎತ್ತಿ ಹಿಡಿದರು: ಎಲ್ಲಿ ಹಾಕಿದರೂ ಬೆಳೀತೀವಿ ನಾವು. ನನಗೆ ಈ ರೂಪಕದ ಬಗ್ಗೆ ಅನುಮಾನ. ಸೊಪ್ಪು ತಾನಾಗೇ ಬೆಳೆಯುತ್ತೆ ಸರಿ, ತಾನಾಗೇ ತಟ್ಟೆಗೆ ಬರಲ್ಲ. ತೊರೆಯ ಮಿನಾರಿಯಲ್ಲಿ ಜಿಗಣೆ ಇರುತ್ತೆ ಅಂತ ಕೊರಿಯನ್ ಮನೆಗಳಲ್ಲಿ ಅದನ್ನ ನೀರಲ್ಲಿ ನೆನೆಸಿ, ಆ ನೀರಿಗೆ ಕಂಚಿನ ಚಮಚ ಹಾಕಿಡೋ ಹಳೇ ರೂಢಿ ಇದೆ. ಆ ಸಂಜೆ ಅಪ್ಪ ಮಗ ತಂದ ಕಂತೆಯನ್ನ ಯಾರು ನೆನೆಸ್ತಾರೆ? ದಿನವಿಡೀ ಕೋಳಿಮರಿ ವಿಂಗಡಿಸೋ ಕೆಲಸ ಮಾಡಿ ಬಂದ ಅಮ್ಮ ಮೋನಿಕಾ ತಾನೆ? ವಲಸೆ ಬಂದ ಕುಟುಂಬ ಬೇರು ಬಿಡೋದು ಕಾಣದ ಇಂಥ ಸಂಜೆಗಳ ಮೇಲೆ. ಸಿನಿಮಾ ಸರಿಯಾಗಿ ಆ ಸಂಜೆ ಶುರುವಾಗೋಕೆ ಮುಂಚೆ ಕತ್ತಲಾಗುತ್ತೆ.

ಹಾಗಾದ್ರೆ ಸೊಪ್ಪನ್ನ ಹೇಗೆ ಚಿತ್ರಿಸಬೇಕಿತ್ತು ಅಂತ ಕೇಳ್ತೀರ. ಉತ್ತರಕ್ಕೆ ನಮ್ಮ ಬೀದರ್ ಗಡಿ ಆಚೆಗೆ, ತೆಲಂಗಾಣದ ಜಹೀರಾಬಾದ್‌ಗೆ ಬನ್ನಿ. ಮೈಸೂರಿನವರಾದ ಪಿ.ವಿ. ಸತೀಶ್ ದೂರದರ್ಶನದಲ್ಲಿ ಕಾರ್ಯಕ್ರಮ ಮಾಡ್ತಿದ್ದವರು. 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನ ಕಟ್ಟಿದವರಲ್ಲಿ ಒಬ್ಬರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಲ್ಲಿನ ಸಂಘಗಳಲ್ಲಿರೋರು ಬಹುಪಾಲು ದಲಿತ ಹೆಂಗಸರು, ತುಂಡು ಭೂಮಿಯವರು. ಬಿತ್ತದೇ ಬರೋ ಸೊಪ್ಪುಗಳು ಬಡವರ ಊಟದಲ್ಲಿ ಎಷ್ಟು ದೊಡ್ಡ ಪಾಲು ಅಂತ ಊರಿಂದೂರಿಗೆ ಹೇಳಿದವರು ಇವರೇ. ಅವರ ಕೈಗೆ ಸತೀಶ್ ಕ್ಯಾಮೆರಾ ಕೊಟ್ಟರು. 2008ರಲ್ಲಿ ತಮ್ಮದೇ ಸಂಘಂ ರೇಡಿಯೋ ಕೂಡ ಬಂತು.

ಶಾಲೆಗೆ ಹೋಗದ ಆ ಹೆಂಗಸರು ಕ್ಯಾಮೆರಾ ಕಲಿಯೋವಾಗ ಶಾಟ್‌ಗಳಿಗೆ ತಮ್ಮ ಹೆಸರಿಟ್ಟರು. ಮೇಲಿನಿಂದ ಕೆಳಕ್ಕೆ ನೋಡೋದು ಪಟೇಲ್ ಶಾಟ್, ಯಾಕಂದ್ರೆ ಪಟೇಲ ಎತ್ತರದಲ್ಲಿ ಕೂತು ಇವರನ್ನ ನೋಡ್ತಿದ್ದದ್ದು ಹಾಗೆ. ಕಣ್ಣಿಗೆ ಕಣ್ಣು ಸಮನಾಗಿ ನೋಡೋದು ಸಂಘಂ ಶಾಟ್, ಯಾಕಂದ್ರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ಕೂರ್ತಾರೆ. ಸಿನಿಮಾ ಓದು ಬಗ್ಗೆ ನಾನು ಕೇಳಿದ ಅತಿ ಉಪಯುಕ್ತ ಎರಡು ಪದ ಇವು. ಈಗ ನಿಮ್ಮ ಫೋನಿನ ಅಡುಗೆ ವೀಡಿಯೋಗಳನ್ನ ನೋಡಿ. ಹೆಚ್ಚಿನವು ಬಾಣಲೆಯ ನೇರ ಮೇಲಿಂದ ತೆಗೆದದ್ದು, ಎರಡು ಕೈ ಕಾಣುತ್ತೆ, ಮುಖ ಇಲ್ಲ, ಸೊಪ್ಪು ಮೊದಲೇ ತೊಳೆದು ಬಟ್ಟಲಲ್ಲಿ ಸಿದ್ಧ. ಪಕ್ಕಾ ಪಟೇಲ್ ಶಾಟ್. ‘ಲಿಟಲ್ ಫಾರೆಸ್ಟ್’ ಅಷ್ಟು ಕೆಟ್ಟದ್ದಲ್ಲ, ಹ್ಯೆ-ವಾನ್ ಜೊತೆ ಅದು ಸಮಾನವಾಗಿ ಕೂರುತ್ತೆ. ಹೊಲದ ಜೊತೆ ಕೂರಲ್ಲ, ಹೊಲವನ್ನ ಕಿಟಕಿಯಿಂದ ನೋಡುತ್ತೆ.

ಸೋಸೋ ಕೆಲಸವನ್ನ ಸಂಘಂ ಶಾಟ್‌ನಲ್ಲೇ ತೆಗೀಬೇಕು, ಯಾಕಂದ್ರೆ ಅದು ಸಂಘದ ಹಾಗೇ ನಡೆಯೋದು. ರಾಗಿ ಹೊಲದಲ್ಲಿ ಕಳೆ ಕೀಳೋಕೆ ಹೋದ ಹೆಂಗಸರು ಸಂಜೆ ಮಡಿಲು ತುಂಬ ಬೆರಕೆ ಸೊಪ್ಪು ತರ್ತಿದ್ದರು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ, ಗೋಣಿ, ಮುಳ್ಳುಕೀರೆ. ಹೊಲದವನಿಗೆ ಅದು ಕಳೆ, ಇವರಿಗೆ ಕೂಲಿಯ ಮೇಲಿನ ಊಟ. ಜಗಲಿಯಲ್ಲಿ ನಾಲ್ಕು ಜನ ಸುತ್ತ ಕೂತು ಸೋಸೋವಾಗ ಪ್ರತಿ ಗಿಡದ ಹೆಸರು ಬಾಯಿಗೆ ಬರ್ತಿತ್ತು, "ಏ, ಅದಲ್ಲ ಕಣೆ, ಅದನ್ನ ಬಿಸಾಕು" ಅನ್ನೋದು ಬರ್ತಿತ್ತು, ಜೊತೆಗೆ ಊರಿನ ಸುದ್ದಿಯೆಲ್ಲ. ಗಂಡುಮಕ್ಕಳನ್ನ ಆ ಸುತ್ತಿಗೆ ಯಾರೂ ಕರೀತಿರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗಿಡಗಳನ್ನ ಕನ್ನಡ ಓದುಗರ ಪಕ್ಕದಲ್ಲಿ ತಂದು ಕೂರಿಸಿತು, 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಗಿಡದ ಬಗ್ಗೆ ಕನ್ನಡದಲ್ಲಿ ನಗ್ತಾ ಓದಬೇಕು ಅನ್ನೋರು ಅದರಿಂದ ಶುರು ಮಾಡಿ. ಜಗಲಿಯ ಆ ನಾಲ್ಕು ಜನರ ಗಿಡಶಾಸ್ತ್ರ ಮಾತ್ರ ಪುಸ್ತಕ ಆಗಿಲ್ಲ. ಈಗ ಕಳೆನಾಶಕ ಹೊಡೀತಾರೆ, ಕಳೆ ಕೀಳೋ ಕೂಲಿಯೂ ಹೋಯಿತು, ಬೆರಕೆ ಸೊಪ್ಪೂ ಹೋಯಿತು. ಬೆಂಗಳೂರಿನಲ್ಲಿ ಸೋಸಿದ ದಂಟು ಪ್ಯಾಕೆಟ್‌ನಲ್ಲಿ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುತ್ತೆ. ಯಾರೋ ಎಲ್ಲೋ ಒಂದು ಶೆಡ್ಡಿನಲ್ಲಿ ಕೂತು ಸೋಸಿದ್ದು ಅದು.

ನನಗೆ ಗೊತ್ತು, ಕೆಲವರು ಹೇಳ್ತೀರ: ದಣಿದ ಜೀವಕ್ಕೆ ಎರಡು ಗಂಟೆ ತಂಪು ಕೊಡೋ ಸಿನಿಮಾದಿಂದ ಇಷ್ಟೆಲ್ಲ ಕೇಳಬಹುದಾ? ಕೇಳಬಹುದು ಅನ್ನಿಸುತ್ತೆ. ತಂಪು ಕೊಡೋದಕ್ಕೆ ಯಾವುದನ್ನ ಕತ್ತರಿಸಿದ್ದಾರೆ ಅನ್ನೋದು ವಿಮರ್ಶೆಯ ಕೆಲಸವೇ. ಹ್ಯೆ-ವಾನ್ ಒಂಟಿಯಾಗಿ ಕೂತು ಎರಡು ನಿಮಿಷ ಬೇಸರದಿಂದ ಸೊಪ್ಪು ಸೋಸಿದ್ದರೆ, ಪಕ್ಕದ ಖಾಲಿ ಜಾಗದಲ್ಲಿ ಅಮ್ಮ ಇಲ್ಲ ಅನ್ನೋದು ಪತ್ರಕ್ಕಿಂತ ಜೋರಾಗಿ ಕೇಳಿಸ್ತಿತ್ತು. ನೋಡಿ ಅಂತ ಹೇಳಿದ್ದನ್ನ ವಾಪಸ್ ತಗೊಳ್ತಿಲ್ಲ. ಎರಡೂ ನೋಡಿ, ಜಪಾನಿನದ್ದು ಮೊದಲು.

ಇನ್ನು ಕೇಳಿದವರಿಗೆ ಉತ್ತರ. ನೆಲ್ಸನ್‌ನಲ್ಲಿ ಅಕ್ಟೋಬರ್ ಮುಗಿಯೋ ಹೊತ್ತಿಗೆ ನೇಂಗಿ ಹೂ ಬಿಟ್ಟು ಬೇರು ಕಟ್ಟಿಗೆ ಆಗಿರುತ್ತೆ. ಹೊಳೆ ದಂಡೆಯ ಮೂರಂಚಿನ ಕಾಡು ಈರುಳ್ಳಿ, ಬಿಳಿ ಗಂಟೆ ಹೂವಿನದ್ದು, ದಲ್ಲೆಯ ಬದಲಿಗೆ ನಡೆಯುತ್ತೆ; ಎಲೆ ಉಜ್ಜಿದಾಗ ಈರುಳ್ಳಿ ವಾಸನೆ ಬರದಿದ್ದರೆ ಅದು ಬೇರೆ ಗಿಡ, ಮುಟ್ಟಬೇಡಿ. ವಾಸನೆ ಕೈಗೆ ಹತ್ತಿದರೆ ಮುಂದಿನ ಎಲೆಗೂ ಅದೇ ವಾಸನೆ ಬಂದಂತಾಗುತ್ತೆ, ಹಾಗಾಗಿ ನಡುನಡುವೆ ಕೈ ತೊಳೆದುಕೊಳ್ಳಿ. ರಸ್ತೆ ಅಂಚಿನದ್ದು ಬೇಡ, ಔಷಧಿ ಹೊಡೆದಿರ್ತಾರೆ. ಡಿಸೆಂಬರ್‌ಗೆ ಪಾತಿಗಳಲ್ಲಿ ನಮ್ಮ ಗೋಣಿ ಸೊಪ್ಪು ಬರುತ್ತೆ. ಕೊರಿಯನ್ನರು ಅದನ್ನೇ ಸ್ವೆಬಿರುಮ್ ಅಂತ ಕರೆದು ನಮುಲ್ ಮಾಡ್ತಾರೆ, ನಾನು ಬೇಳೆ ಹಾಕಿ ಮಸ್ಸೊಪ್ಪು ಮಾಡ್ತೀನಿ. ಅದರ ಜೊತೆಗೇ, ಅದರ ಹಾಗೇ ನೆಲಕ್ಕೆ ಹರಡಿಕೊಂಡು ಸ್ಪರ್ಜ್ ಅನ್ನೋ ವಿಷದ ಕಳೆ ಬೆಳೆಯುತ್ತೆ. ಸೋಸೋವಾಗ ಒಂದೊಂದೇ ದಂಟು ಮುರಿದು ನೋಡಿ. ಗೋಣಿ ಸೊಪ್ಪಿನಲ್ಲಿ ನೀರು ಬರುತ್ತೆ, ಸ್ಪರ್ಜ್‌ನಲ್ಲಿ ಬಿಳಿ ಹಾಲು.